ಜಿಲ್ಲೆ ಒಂದು, ಲೋಕಸಭಾ ಕ್ಷೇತ್ರ ಮೂರು

2024ರ ಮೇ 7ರ ಮತದಾನಕ್ಕೆ ಮುಂಚೆ, ಮತಗಟ್ಟೆ ಸಿಬ್ಬಂದಿಯ ತರಬೇತಿ ದಿನ. ಬೆಳಗಾವಿ ಜಿಲ್ಲೆಯ ಒಂದು ಸಾಲಿ. ಅರ್ಜಿ ಹಂಚುವ ಮೇಜಿನ ಮುಂದೆ ಮುಂಜಾನೆಯಿಂದ ಒಂದೇ ಮಾತು: "ಸರ, ನನ್ನ ಹೆಸರು ಖಾನಾಪುರದಾಗೈತ್ರಿ, ಡ್ಯೂಟಿ ಸವದತ್ತಿಗೆ ಬಂದೈತಿ. ಎರಡೂ ನಮ್ಮ ಜಿಲ್ಲಾನ ಅಲ್ರೀ? 12ಎ ಫಾರ್ಮ್ ಕೊಡ್ರಲ್ಲಾ."

12ಎ ಅಂದರೆ ಡ್ಯೂಟಿ ಮಾಡುವ ಮತಗಟ್ಟೆಯಲ್ಲೇ ಮತ ಹಾಕಲು ಕೇಳುವ ಅರ್ಜಿ. ಅದನ್ನು ಕೊಟ್ಟರೆ ಆ ಮಾಸ್ತರರ ಮತ ಅಲ್ಲಿಗೇ ಮುಗಿಯಿತು. ಜಿಲ್ಲೆ ಒಂದೇ ಇರಬಹುದು, ಲೋಕಸಭಾ ಕ್ಷೇತ್ರ ಒಂದಲ್ಲ. ಜಿಲ್ಲೆಯ 18 ವಿಧಾನಸಭಾ ಕ್ಷೇತ್ರಗಳಲ್ಲಿ 8 ಚಿಕ್ಕೋಡಿಗೆ, 8 ಬೆಳಗಾವಿಗೆ. ಉಳಿದ ಕಿತ್ತೂರು, ಖಾನಾಪುರ ಎರಡೂ ಉತ್ತರ ಕನ್ನಡಕ್ಕೆ. ಬಾಗಲಕೋಟೆಯಲ್ಲೂ ಇಂಥದೇ ತೊಡಕು: ಆ ಜಿಲ್ಲೆಯ 7 ಕ್ಷೇತ್ರಗಳ ಜೊತೆ ಗದಗ ಜಿಲ್ಲೆಯ ನರಗುಂದವೂ ಸೇರಿಕೊಂಡಿದೆ.

ಈ ಗೆರೆ ಎಳೆದದ್ದು 2001ರ ಜನಗಣತಿಯ ಮೇಲೆ. 2008ರ ಫೆಬ್ರವರಿ 19ರಂದು ಜಾರಿಗೆ ಬಂತು. ರಾಜ್ಯದ ಸ್ಥಾನ 28ರಲ್ಲೇ ನಿಂತಿತು, ಒಳಗಿನ ಗೆರೆ ಮಾತ್ರ ಸರಿದಾಡಿತು. ತೇರದಾಳ, ಕುಡಚಿ, ಯಮಕನಮರಡಿ, ನಾಗಠಾಣ ಹೊಸ ವಿಧಾನಸಭಾ ಕ್ಷೇತ್ರಗಳಾದವು. ಮೀಸಲಾಗಿದ್ದ ಚಿಕ್ಕೋಡಿ ಲೋಕಸಭಾ ಕ್ಷೇತ್ರ ಸಾಮಾನ್ಯವಾಯಿತು, ವಿಜಯಪುರ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಮತದಾರ ಮಾತ್ರ ಇಂದಿಗೂ ತಾಲ್ಲೂಕು, ಜಿಲ್ಲೆಯ ಲೆಕ್ಕದಲ್ಲೇ ಯೋಚಿಸುತ್ತಾನೆ. ಅದು ಸಹಜವೇ. ಪಡಿತರ, ಪಹಣಿ, ಕೋರ್ಟು ಎಲ್ಲವೂ ಅವನಿಗೆ ಅಲ್ಲೇ ಸಿಗುತ್ತವೆ.

ಕರ್ತವ್ಯದ ಮತಗಟ್ಟೆ ಮತ್ತು ಪಟ್ಟಿಯಲ್ಲಿರುವ ಹೆಸರು ಒಂದೇ ಲೋಕಸಭಾ ಕ್ಷೇತ್ರದಲ್ಲಿದ್ದರೆ ನಮೂನೆ 12ಎ. ಅದಕ್ಕೆ 12ಬಿ, ಅಂದರೆ ಚುನಾವಣಾ ಕರ್ತವ್ಯ ಪ್ರಮಾಣಪತ್ರ (ಇಡಿಸಿ) ಸಿಗುತ್ತದೆ. ಗೋಕಾಕದ ಪಟ್ಟಿಯಲ್ಲಿ ಹೆಸರಿದ್ದು ಸವದತ್ತಿಯಲ್ಲಿ ಡ್ಯೂಟಿ ಇರುವವರು ಅಲ್ಲಿನ ಮತಗಟ್ಟೆಯಲ್ಲೇ ಅದನ್ನು ಒಪ್ಪಿಸಿ ಯಂತ್ರದಲ್ಲಿ ಮತ ಹಾಕಬಹುದು. ಕ್ಷೇತ್ರ ಬೇರೆಯಾದರೆ ನಮೂನೆ 12, ಅಂದರೆ ಅಂಚೆ ಮತಪತ್ರ. ಖಾನಾಪುರದ ಮಾಸ್ತರರಿಗೆ ಬೇಕಾದದ್ದು ಇದು.

ಅರ್ಜಿಯಲ್ಲಿ ಮತದಾರರ ಪಟ್ಟಿಯ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಬರೆಯಬೇಕು. ಇಲ್ಲೇ ಬಹಳ ಮಂದಿ ಎಡವುತ್ತಾರೆ. ಗುರುತಿನ ಚೀಟಿಯ ಸಂಖ್ಯೆ ಇದ್ದರೆ ಸಾಕು ಅಂದುಕೊಳ್ಳುತ್ತಾರೆ, ಇಲ್ಲವೇ ಹಿಂದಿನ ಚುನಾವಣೆಯ ಚೀಟಿ ನೋಡಿ ಬರೆದುಬಿಡುತ್ತಾರೆ. ಪಟ್ಟಿ ಪರಿಷ್ಕರಣೆಯಾದಾಗ ಕ್ರಮ ಸಂಖ್ಯೆ ಬದಲಾಗುತ್ತದೆ. ಅದೇ ವಾರ ಹೊಸ ಪಟ್ಟಿ ನೋಡಿ ಬರೆಯುವುದೇ ಸರಿ.

2023ರ ನಿಯಮ ಬದಲಾವಣೆಯಿಂದ ಕರ್ತವ್ಯದಲ್ಲಿರುವವರು ಅಂಚೆ ಮತಪತ್ರವನ್ನು ಮನೆಗೆ ಒಯ್ಯುವಂತಿಲ್ಲ, ಸಿಬ್ಬಂದಿ ಮತ ಹಾಕಲೆಂದೇ ತೆರೆದ ಸೌಲಭ್ಯ ಕೇಂದ್ರದಲ್ಲೇ ಹಾಕಬೇಕು. ಇದು ಒಳ್ಳೆಯ ಬದಲಾವಣೆ. ಮನೆಗೆ ಒಯ್ದ ಮತಪತ್ರದ ಮೇಲೆ ಯಾರ ಕಣ್ಣು ಬೀಳುತ್ತದೋ, ಯಾರ ಒತ್ತಡ ಬರುತ್ತದೋ ಹೇಳಲಾಗದು.

ಲಕೋಟೆ ಜೋಡಿಸುವುದರಲ್ಲಿ ಅವಸರ ಬೇಡವೇ ಬೇಡ. ಗುರುತು ಹಾಕಿದ ಮತಪತ್ರ ಮಾತ್ರ ಒಳಲಕೋಟೆ 13ಬಿಯಲ್ಲಿ. ಮತ ಹಾಕಿದವರು ತಾವೇ ಎಂಬ 13ಎ ಘೋಷಣೆಗೆ ಸಹಿ ಹಾಕಿ, ಮತಪತ್ರದ ಕ್ರಮ ಸಂಖ್ಯೆ ಬರೆದು, ಅಲ್ಲಿರುವ ಅಧಿಕಾರಿಯಿಂದ ದೃಢೀಕರಣ ಪಡೆದು, 13ಬಿಯ ಹೊರಗೇ ಇಡಬೇಕು. ಎರಡನ್ನೂ ಸೇರಿಸಿ ಹೊರಲಕೋಟೆ 13ಸಿಗೆ. ಎಣಿಕೆಯ ಮೇಜಿನಲ್ಲಿ 13ಸಿ ಒಡೆದಾಗ ಮೊದಲು ಹುಡುಕುವುದು ಘೋಷಣೆಯನ್ನೇ. ಅದು ಕಾಣದಿದ್ದರೆ, ಅಥವಾ ಸಹಿ ಇಲ್ಲದಿದ್ದರೆ, 13ಬಿಯನ್ನು ತೆರೆಯುವುದೇ ಇಲ್ಲ. ಘೋಷಣೆಯನ್ನು ಮತಪತ್ರದ ಜೊತೆಗೇ ಒಳಗೆ ಹಾಕಿ ಅಂಟಿಸಿದವರ ಮತ ಹೀಗೇ ಕೆಡುತ್ತದೆ. ಹತ್ತಾರು ವರ್ಷ ಚುನಾವಣೆ ನಡೆಸಿಕೊಟ್ಟವರ ಮತವೇ ಹೀಗೆ ಹೋಗುವುದು ನಿಜಕ್ಕೂ ಸಂಕಟದ ವಿಷಯ.

ಖಾನಾಪುರದವರ ಲಕೋಟೆ ತಲುಪಬೇಕಾದದ್ದು ಬೆಳಗಾವಿಯ ಚುನಾವಣಾಧಿಕಾರಿಗಲ್ಲ, ಘಟ್ಟ ಇಳಿದು ಕಾರವಾರದವರಿಗೆ. ಜೂನ್ 4ರ ಬೆಳಗ್ಗೆ 8ಕ್ಕೆ ಎಣಿಕೆ ಶುರುವಾಗುವ ಮುಂಚೆ.