ಮೇಲೆ ಮನೆ, ಕೆಳಗೆ ಕಾಡು: ಸಿಡ್ನಿಯ ಬಿಡ್ಜಿಗಲ್

ಸಿಡ್ನಿಯ ವಾಯವ್ಯದ ಬಾಕಮ್ ಹಿಲ್ಸ್, ಕ್ಯಾಸಲ್ ಹಿಲ್ ಕಡೆ ಕನ್ನಡದ ಮನೆಗಳು ಬೇಕಾದಷ್ಟಿವೆ. ಅಲ್ಲಿನ ಕೆಲವು ಬೀದಿಗಳ ಹಿತ್ತಿಲ ಬೇಲಿ ಮುಗಿದಲ್ಲೇ ಬಿಡ್ಜಿಗಲ್ ಮೀಸಲು ಕಾಡು ಶುರು. ಬ್ರಿಟಿಷರ ವಿರುದ್ಧ ಹೋರಾಡಿ 1802ರಲ್ಲಿ ಸತ್ತ ಆದಿವಾಸಿ ನಾಯಕ ಪೆಮುಲ್ವುಯ್‌ನ ಕುಲದ ಹೆಸರು ಇದಕ್ಕೆ. ಮನೆಗಳೆಲ್ಲ ದಿಣ್ಣೆಯ ಮೇಲೆ. ಕಟ್ಟಲಾಗದ ಕಡಿದಾದ ಕಣಿವೆಯಲ್ಲಿ ಕಾಡು, ಅದರ ತಳದಲ್ಲಿ ಡಾರ್ಲಿಂಗ್ ಮಿಲ್ಸ್ ಕ್ರೀಕ್ ಎಂಬ ಹಳ್ಳ.

ಟೆಡ್ ಹಾರ್ವುಡ್ ಮೈದಾನದ ಕಡೆಯಿಂದ ಇಳಿಯುವಾಗ ಮೊದಲು ಒಣ ಮರಳುಗಲ್ಲು. ಬೇಸಿಗೆಯ ಹೊತ್ತಿಗೆ ತೊಗಟೆ ಕಳಚಿ ಕೇಸರಿ-ಗುಲಾಬಿಯಾಗಿ ಹೊಳೆಯುವ ಮರವನ್ನು ನಮ್ಮವರು ನೀಲಗಿರಿ ಎಂದುಬಿಡುತ್ತಾರೆ. ಅದು ಆಂಗೊಫೊರಾ, ನೀಲಗಿರಿಯ ದಾಯಾದಿ. ಎಲೆ ನೋಡಿ: ಆಂಗೊಫೊರಾದಲ್ಲಿ ಎದುರುಬದುರು ಜೋಡಿ, ಬೆಳೆದ ನೀಲಗಿರಿಯಲ್ಲಿ ಒಂದಾದ ಮೇಲೊಂದು. ಪಕ್ಕದ ಬ್ಯಾಂಕ್ಸಿಯಾ ಗಿಡದ ಕಾಯಿ ಮುಟ್ಟಿದರೆ ಮರದಷ್ಟೇ ಗಟ್ಟಿ. ಅದರ ತುಟಿಗಳು ಸಾಮಾನ್ಯವಾಗಿ ಬೆಂಕಿಯ ಕಾವಿಗೇ ಬಾಯಿ ಬಿಟ್ಟು ಬೀಜ ಉದುರಿಸುತ್ತವೆ.

ಹಳ್ಳ ಹತ್ತಿರವಾದಂತೆ ನೆರಳು, ಜರಿಗಿಡ, ಕೋಚ್‌ವುಡ್, ವಾಟರ್ ಗಮ್ ಮರಗಳು. ಕಳೆಯೂ ಇಲ್ಲೇ: ಪ್ರಿವೆಟ್ ಎಂಬ ಪೊದೆ, ನಮ್ಮೂರಿನ ಹಳೇ ಶತ್ರು ಲಂಟಾನ, ನೆಲಕ್ಕೆ ಕಂಬಳಿ ಹೊದಿಸುವ ಟ್ರಾಡೆಸ್ಕಾನ್ಶಿಯಾ. ಈ ಮಣ್ಣಿನಲ್ಲಿ ರಂಜಕ (ಫಾಸ್ಫರಸ್) ತೀರಾ ಕಡಿಮೆ. ಬ್ಯಾಂಕ್ಸಿಯಾದ ಕುಂಚದಂಥ ಬೇರು ಅದನ್ನು ಕೆರೆದು ಹೀರಲೆಂದೇ ಇರುವುದು. ಮೇಲಿನ ಹುಲ್ಲುಹಾಸುಗಳ ಗೊಬ್ಬರ ಮಳೆನೀರಿನ ಕೊಳವೆಯಲ್ಲಿ ಇಳಿದುಬಂದರೆ ಆ ಬೇರಿಗೆ ಅದೇ ವಿಷ, ಕಳೆಗೆ ಹಬ್ಬದೂಟ. ಕೊಳವೆಯ ಬಾಯಿ ಎಲ್ಲಿದೆಯೆಂದು ಕಳೆಯ ಹಸಿರನ್ನು ನೋಡಿಯೇ ಹೇಳಬಹುದು.

ಕಳೆ ಕೀಳುವ ಕ್ರಮವನ್ನು 1960ರ ದಶಕದಲ್ಲಿ ಸಿಡ್ನಿಯ ಬ್ರಾಡ್ಲಿ ಸೋದರಿಯರು ತೋರಿಸಿಕೊಟ್ಟರು: ಕಾಡು ಚೆನ್ನಾಗಿರುವ ಕಡೆಯಿಂದ ಆರಂಭಿಸಿ ಕೆಟ್ಟ ಕಡೆಗೆ ಸಾಗಬೇಕು, ಮಣ್ಣು ಕೆದಕಬಾರದು, ನಾಡಗಿಡ ಎದ್ದಷ್ಟೇ ಮುಂದುವರಿಯಬೇಕು. ಉತ್ಸಾಹದಲ್ಲಿ ಒಂದೇ ದಿನ ಎಲ್ಲ ಕಿತ್ತುಹಾಕಿದರೆ ಬರಿ ನೆಲಕ್ಕೆ ಮತ್ತೆ ಕಳೆಯೇ ನುಗ್ಗುತ್ತದೆ, ಲಂಟಾನದೊಳಗೆ ಅಡಗುವ ಪುಟ್ಟ ರೆನ್ ಹಕ್ಕಿಗಳೂ ಬಯಲಾಗುತ್ತವೆ. ಪ್ರಿವೆಟನ್ನು ನೆಲಮಟ್ಟಕ್ಕೆ ಕತ್ತರಿಸಿ 15–20 ಸೆಕೆಂಡಿನೊಳಗೆ ಗ್ಲೈಫೊಸೇಟ್ ಕಳೆನಾಶಕ ಬಳಿಯಬೇಕು. ತಡವಾದರೆ ಕೊಯ್ದ ಬಾಯಿ ಕಟ್ಟಿಕೊಂಡು ಮದ್ದು ಬೇರಿಗಿಳಿಯದು. ಟ್ರಾಡೆಸ್ಕಾನ್ಶಿಯಾವನ್ನು ಚಾಪೆಯಂತೆ ಸುತ್ತಿ ಚೀಲಕ್ಕೆ ತುಂಬಿ. ಉಳಿದ ಒಂದು ಗೆಣ್ಣು ಸಾಕು, ಮತ್ತೆ ಚಿಗುರುತ್ತದೆ.

ಮಳೆ ಬಂದ ದಿನ ಹಳ್ಳ ದಾಟಬೇಡಿ. ಹೆಂಚು-ಡಾಂಬರಿನ ನೀರೆಲ್ಲ ಒಮ್ಮೆಗೇ ಇಳಿಯುತ್ತದೆ, ದಾಟುಗಲ್ಲುಗಳು ನೋಡನೋಡುತ್ತ ಮುಳುಗುತ್ತವೆ. ಕೆಳಭಾಗದ ಲಾಯಲ್ಟಿ ರೋಡಿನ ಕಾಂಕ್ರೀಟ್ ಗೋಡೆ ಇರುವುದೂ ಆ ನೆರೆಯನ್ನು ತಡೆಯಲೆಂದೇ.

ಮಲೆನಾಡಿನವರಿಗೆ ಇಂಬಳ, ಉಣುಗು ಹೊಸದಲ್ಲ. ಆದರೆ ಇಲ್ಲಿನ ಉಣುಗನ್ನು ಬೆರಳಿನಲ್ಲಿ ಹಿಂಡಿ ಕೀಳಬಾರದು, ಮೈಗೆ ನಂಜು ಚುಚ್ಚುತ್ತದೆ. ಔಷಧಿ ಅಂಗಡಿಯ ಈಥರ್ ಸ್ಪ್ರೇ ಹೊಡೆದು ಅಲ್ಲೇ ಸಾಯಿಸಿ, ತಾನೇ ಉದುರಲಿ.

ನೆಲದ ಎಲೆಗಳ ಮೇಲೆ ಸುಣ್ಣ ಎರಚಿದಂಥ ಹಿಕ್ಕೆ, ಪಾಸಮ್ ಎಂಬ ಮರವಾಸಿ ಪ್ರಾಣಿಯ ಕೂದಲು-ಮೂಳೆಯ ಉಂಡೆ ಕಂಡರೆ ತಲೆ ಎತ್ತಿ. ಆಸ್ಟ್ರೇಲಿಯಾದ ಅತಿ ದೊಡ್ಡ ಗೂಬೆ ಪವರ್‌ಫುಲ್ ಔಲ್ ಹಗಲು ಕೂರುವ ಕೊಂಬೆ ಅದು. ಕೆಲವೊಮ್ಮೆ ಅರ್ಧ ತಿಂದ ಪಾಸಮ್ ಇನ್ನೂ ಉಗುರಲ್ಲಿ ಜೋತಿರುತ್ತದೆ. ಚಳಿಗಾಲದಲ್ಲಿ ಗೂಡಿನ ಪೊಟರೆಯ ಹತ್ತಿರ ಸುಳಿಯಬೇಡಿ, ಫ್ಲ್ಯಾಶ್ ಅಂತೂ ಯಾವಾಗಲೂ ಬೇಡ.