ಬಾವಲಿಗಳ ಪರವಾಗಿ ಮಾವನೊಡನೆ ಒಂದು ವಾದ

ಪಾಂಡವಪುರದ ಹತ್ತಿರ ಸಪೋಟ ತೋಟ ಮಾಡಿರುವ ನಮ್ಮ ಸೋದರಮಾವ, ಹಣ್ಣು ತಿನ್ನಲು ಬರುವ ಬಾವಲಿಗಳನ್ನು ತಡೆಯಲೆಂದು ಮರಗಳಿಗೆಲ್ಲ ಬಲೆ ಹೊದಿಸಲು ಹೊರಟಿದ್ದರು. ಬಲೆಗೆ ಸಿಕ್ಕಿದ ಬಾವಲಿ ರೆಕ್ಕೆ ಹರಿದುಕೊಂಡು ಸಾಯುತ್ತದೆ. ಅದಕ್ಕೇ ಏಪ್ರಿಲ್‌ನ ಒಂದು ಮಧ್ಯಾಹ್ನ ಅವರನ್ನು ಒತ್ತಾಯ ಮಾಡಿ ರಂಗನತಿಟ್ಟಿಗೆ ಕರೆದೊಯ್ದೆ.

ದೋಣಿ ನಡುಗಡ್ಡೆಯ ಮಗ್ಗುಲಿಗೆ ಬರುತ್ತಿದ್ದಂತೆ ಮೊದಲು ಮೂಗಿಗೆ ವಾಸನೆ ಬಡಿಯಿತು, ಹಿಂದೆಯೇ ಕಿರುಚಾಟ. ಎತ್ತರದ ಮರಗಳ ತುಂಬ ಹಣ್ಣು ತಿನ್ನುವ ದೊಡ್ಡ ಬಾವಲಿಗಳು, ಇಂಗ್ಲಿಷಿನಲ್ಲಿ ಇಂಡಿಯನ್ ಫ್ಲೈಯಿಂಗ್ ಫಾಕ್ಸ್ ಎನ್ನುವ ಜಾತಿ. ತಗ್ಗಿನ ಕೊಂಬೆಯಲ್ಲಿದ್ದ ಒಂದು ತಾಯಿಯನ್ನು ಬಹಳ ಹೊತ್ತು ನೋಡಿದೆ. ಕತ್ತಿನ ಸುತ್ತ ಕೆಂಗಂದು ತುಪ್ಪಳ, ನರಿಯಂಥ ಮೂತಿ, ದೊಡ್ಡ ಕಣ್ಣು. ಸೆಕೆ ತಾಳದೆ ರೆಕ್ಕೆಯನ್ನು ನೆಕ್ಕಿ ಒದ್ದೆ ಮಾಡಿಕೊಂಡು ಬೀಸಿಕೊಳ್ಳುತ್ತಿತ್ತು. ಬೀಸಿದಾಗಲೆಲ್ಲ ಎದೆಗಂಟಿದ ಮರಿಯ ತಲೆ ಕಾಣುತ್ತಿತ್ತು. ಈ ಜಾತಿ ಸಣ್ಣ ಬಾವಲಿಗಳಂತೆ ಪ್ರತಿಧ್ವನಿ ಕೇಳಿ ದಾರಿ ಹಿಡಿಯುವುದಿಲ್ಲ. ಕಣ್ಣು ಮತ್ತು ಮೂಗನ್ನೇ ನಂಬಿ ಇರುಳೆಲ್ಲ ಹಾರುತ್ತದೆ. ರೆಕ್ಕೆ ಬಿಚ್ಚಿದರೆ ಒಂದು ಮೀಟರಿಗೂ ಹೆಚ್ಚು ಅಗಲ.

"ಇಷ್ಟೊಂದು ಇವೆಯಲ್ಲಮ್ಮಾ, ನಾಲ್ಕು ಬಲೆಗೆ ಬಿದ್ದರೆ ಏನಾಗುತ್ತದೆ?" ಎಂದರು ಮಾವ.

ಎಲ್ಲರೂ ಕೇಳುವ ಪ್ರಶ್ನೆಯೇ ಅದು. ನಕ್ಷೆ ನೋಡಿದರೆ ಇವುಗಳ ಸೀಮೆ ನಿಜಕ್ಕೂ ದೊಡ್ಡದು: ಪಾಕಿಸ್ತಾನದಿಂದ ಮ್ಯಾನ್ಮಾರ್‌ವರೆಗೆ, ಹಿಮಾಲಯದ ತಪ್ಪಲಿನಿಂದ ಶ್ರೀಲಂಕಾ, ಮಾಲ್ಡೀವ್ಸ್‌ವರೆಗೆ. ಆದರೆ ಆ ಸೀಮೆಯ ತುಂಬ ಬಾವಲಿಗಳಿಲ್ಲ. ಇರುವುದು ಅಲ್ಲೊಂದು ಆಲ, ಇಲ್ಲೊಂದು ಗೋಣಿಮರ, ಕೆರೆ ಏರಿಯ ಹಳೆಯ ಮರ, ಇಷ್ಟರಲ್ಲೇ. ನೂರಾರು ಒಂದೇ ಕಡೆ ಸೇರುವುದರಿಂದ ಲೆಕ್ಕವಿಲ್ಲದಷ್ಟು ಇವೆ ಎನ್ನಿಸುತ್ತದೆ. ರಸ್ತೆ ಅಗಲ ಮಾಡಲು ನಾಲ್ಕು ಮರ ಉರುಳಿಸಿದರೆ ಸುತ್ತಲಿನ ಹತ್ತಾರು ಹಳ್ಳಿಗಳ ಬಾವಲಿಗಳ ನೆಲೆಯೇ ಹೋದಂತೆ. ತಾಯಿ ಹೆರುವುದೂ ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿ. ಹೋದದ್ದು ಬೇಗ ತುಂಬಿಬರುವುದಿಲ್ಲ.

ಕಾನೂನೂ ಬಹುಕಾಲ ಮಾವನಂತೆಯೇ ಯೋಚಿಸಿತ್ತು. 1972ರ ವನ್ಯಜೀವಿ ಕಾಯ್ದೆ ಹಣ್ಣು ತಿನ್ನುವ ಬಾವಲಿಗಳನ್ನು ಇಲಿ, ಹೆಗ್ಗಣ, ಕಾಗೆಗಳ ಜೊತೆ ಉಪದ್ರವಿಗಳ ಪಟ್ಟಿಗೆ ಸೇರಿಸಿತ್ತು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು. ಅಲ್ಲಿಯವರೆಗೂ ರಂಗನತಿಟ್ಟಿನ ಬಾವಲಿಗಳನ್ನು ಕಾಪಾಡಿದ್ದು ಹಕ್ಕಿಗಳು. ಪಕ್ಷಿತಜ್ಞ ಸಲೀಂ ಅಲಿ ಅವರ ಸಲಹೆಯಂತೆ 1940ರಲ್ಲಿ ಇದು ಪಕ್ಷಿಧಾಮವಾಯಿತು. ಕೊಕ್ಕರೆಗಳಿಗೆ ಸಿಕ್ಕ ಆಸರೆಯಲ್ಲಿ ಇವೂ ಉಳಿದುಕೊಂಡವು.

ಮಾವನ ನಷ್ಟ ಸುಳ್ಳಲ್ಲ. ಆದರೆ ಸಪೋಟವನ್ನು ನಾವು ಕಾಯಿಯಾಗಿರುವಾಗಲೇ ಇಳಿಸುತ್ತೇವೆ, ಬಾವಲಿ ಹುಡುಕುವುದು ಮರದಲ್ಲೇ ಮಾಗಿದ ಹಣ್ಣನ್ನು. ಅದು ಹಣ್ಣನ್ನು ಅಂಗುಳಿಗೆ ಒತ್ತಿ ರಸ ಹೀರಿ ಸಿಪ್ಪೆ ಉಗಿಯುತ್ತದೆ; ಅತ್ತಿ, ಆಲಗಳ ಸಣ್ಣ ಬೀಜಗಳನ್ನು ನುಂಗಿ ಮೈಲಿಗಟ್ಟಲೆ ಆಚೆ ಬಿತ್ತುತ್ತದೆ. ಇಪ್ಪೆಯಂಥ ಇರುಳಲ್ಲಿ ಅರಳುವ ಹೂಗಳ ಪರಾಗ ಸಾಗಿಸುವುದರಲ್ಲೂ ಇವುಗಳ ಪಾಲಿದೆ. ಇದನ್ನೆಲ್ಲ ದಡಕ್ಕೆ ಬರುವಷ್ಟರಲ್ಲಿ ಒಂದೇ ಉಸಿರಿಗೆ ಹೇಳಿದೆ. ಮಾವ ಹೂಂಗುಟ್ಟುತ್ತ ಕೇಳಿದರು, ಒಪ್ಪಿದೆ ಎನ್ನಲಿಲ್ಲ.

ಬಲೆಯ ಯೋಚನೆಯನ್ನು ಅವರು ಪೂರ್ತಿ ಬಿಟ್ಟಿಲ್ಲ. ಈ ಸಲ ಮಾತ್ರ ಬಲಿತ ಕಾಯನ್ನು ತಡಮಾಡದೆ ಇಳಿಸಿ ಹುಲ್ಲಿನಲ್ಲಿ ಹಣ್ಣಿಗೆ ಹಾಕಿಸಿದ್ದಾರೆ. ಬೇಲಿ ಮೂಲೆಯ ಅತ್ತಿಮರವನ್ನು ಕಡಿಸಬೇಡಿ ಎಂದು ಕೇಳಿಕೊಂಡಿದ್ದೇನೆ. ಮುಂದಿನ ಯುಗಾದಿಯವರೆಗೆ ನೋಡೋಣ ಎಂದಿದ್ದಾರೆ.