ಅಜ್ಜಿಯ ಕಾಲು ಪಾಲು

ಶಿವಮೊಗ್ಗದ ನಮ್ಮ ಮನೆಯನ್ನು ಮೂರು ತಿಂಗಳಲ್ಲಿ ಮಾರಿ ಮುಗಿಸಬಹುದೆಂದು 2025ರ ಮೇ ತಿಂಗಳಲ್ಲಿ ಲೆಕ್ಕ ಹಾಕಿದ್ದೆ. ಒಬ್ಬಳೇ ಇದ್ದ ಅಮ್ಮನನ್ನು ಬೆಂಗಳೂರಿಗೆ ಕರೆತಂದು ವರ್ಷವಾಗಿತ್ತು. ನಮ್ಮ ಬಾಡಿಗೆ ಮನೆಯ ಹಿಂದಿನ ಬೀದಿಯಲ್ಲೇ ಒಂದು ಹಳೆಯ ಮನೆ ಮಾರಾಟಕ್ಕೆ ಬಂದಾಗ ಐದು ಲಕ್ಷ ರೂಪಾಯಿ ಮುಂಗಡ ಕೊಟ್ಟು ಕರಾರು ಮಾಡಿಕೊಂಡೆ. ಆಗಸ್ಟ್ ಕೊನೆಯೊಳಗೆ ಬಾಕಿ ಹಣ ಸಲ್ಲದಿದ್ದರೆ ಮುಂಗಡ ಮುಟ್ಟುಗೋಲು ಎಂಬ ಸಾಲು ಆ ಕರಾರಿನಲ್ಲಿತ್ತು. ಓದಿಯೇ ಸಹಿ ಹಾಕಿದ್ದೆ. ಶಿವಮೊಗ್ಗದ ಮನೆಗೆ ಜೂನ್ ಮೊದಲ ವಾರದಲ್ಲೇ 68 ಲಕ್ಷಕ್ಕೆ ಗಿರಾಕಿ ಒಪ್ಪಿದ್ದರಿಂದ ಇನ್ನು ಉಳಿದಿರುವುದು ಕಾಗದದ ಕೆಲಸ ಮಾತ್ರ ಎಂದು ಹೆಂಡತಿಗೆ ಹೇಳಿದ್ದೂ ನೆನಪಿದೆ.

ಆ ಕಾಗದಗಳನ್ನು ಅಮ್ಮ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟಿದ್ದಳು. ಪ್ರತಿ ಏಪ್ರಿಲ್‌ನಲ್ಲೂ ಶೇಕಡಾ 5ರ ರಿಯಾಯಿತಿ ತಪ್ಪದಂತೆ ಆಸ್ತಿ ತೆರಿಗೆ ಕಟ್ಟಿದ ರಸೀದಿಗಳು ವರ್ಷವಾರು ಜೋಡಿಸಿದ್ದವು, ಎಲ್ಲವೂ ಅಪ್ಪನ ಹೆಸರಿನಲ್ಲಿ. ಅಪ್ಪ 2011ರಲ್ಲೇ ತೀರಿಕೊಂಡಿದ್ದರು. ಹದಿನಾಲ್ಕು ವರ್ಷ ನಾವು ಸತ್ತವರ ಹೆಸರಿನಲ್ಲಿ ನಿಷ್ಠೆಯಿಂದ ತೆರಿಗೆ ಕಟ್ಟಿದ್ದೆವೇ ಹೊರತು ಖಾತೆ ಬದಲಾವಣೆಗೆ ಒಂದು ಅರ್ಜಿ ಕೊಟ್ಟಿರಲಿಲ್ಲ. ಈಗ ಇ-ಖಾತೆ, ಅಂದರೆ ಆಸ್ತಿಯ ಡಿಜಿಟಲ್ ಖಾತೆ, ಇಲ್ಲದೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ನೋಂದಣಿಗೆ ಹೆಜ್ಜೆ ಮುಂದಿಡಲೂ ಆಗುವುದಿಲ್ಲ. ಇ-ಖಾತೆ ಬೇಕೆಂದರೆ ಮೊದಲು ಖಾತೆ ಬದುಕಿರುವವರ ಹೆಸರಿಗೆ ಬರಬೇಕು, ಅದಕ್ಕೆ ವಂಶವೃಕ್ಷ ಬೇಕು.

ವಂಶವೃಕ್ಷ ಸಿಕ್ಕಿತು. ಅದನ್ನೂ ಮರಣ ಪ್ರಮಾಣಪತ್ರವನ್ನೂ ಗಿರಾಕಿಗೆ ಸಾಲ ಕೊಡಲಿದ್ದ ಬ್ಯಾಂಕಿನ ವಕೀಲರ ಮೇಜಿನ ಮೇಲಿಟ್ಟಾಗ, ಅವರು ಕನ್ನಡಕವನ್ನು ಹಣೆಗೇರಿಸಿ ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿದರು. “ನಿಮ್ಮ ತಂದೆ ತೀರಿಕೊಂಡಾಗ ಅವರ ತಾಯಿ ಇದ್ದರೇ?” ಎಂದು ಕೇಳಿದರು. ಇದ್ದರು, ಮಗ ಹೋದ ಮೂರು ವರ್ಷಕ್ಕೆ ಅಜ್ಜಿ ಹೋದರು ಎಂದೆ. ವಕೀಲರು ಪೆನ್ನು ತೆಗೆದು ಒಂದು ಚೀಟಿಯ ಮೇಲೆ ನಾಲ್ಕು ಗೆರೆ ಎಳೆದರು.

ಅಪ್ಪನ ಸ್ವಯಾರ್ಜಿತ ಆಸ್ತಿಗೆ ಅಮ್ಮ, ನಾನು, ತಂಗಿ, ಈ ಮೂವರೇ ವಾರಸುದಾರರೆಂದು ನಾವು ನಂಬಿದ್ದೆವು. ಆದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಉಯಿಲು ಬರೆಯದೆ ತೀರಿಕೊಂಡ ಗಂಡಸಿನ ಮೊದಲ ವರ್ಗದ ವಾರಸುದಾರರಲ್ಲಿ ಹೆಂಡತಿ ಮಕ್ಕಳ ಜೊತೆಗೆ ಹೆತ್ತ ತಾಯಿಯೂ ಸೇರುತ್ತಾಳೆ, ತಂದೆ ಸೇರುವುದಿಲ್ಲ. ಹಾಗಾಗಿ ಅಪ್ಪ ಕಣ್ಣುಮುಚ್ಚಿದ ಗಳಿಗೆಯಲ್ಲೇ ಮನೆಯ ಕಾಲು ಪಾಲು ಅಜ್ಜಿಯದಾಗಿತ್ತು. ಅಜ್ಜಿಯೂ ಉಯಿಲು ಬರೆಯಲಿಲ್ಲ. ಅವರ ಕಾಲು ಪಾಲು ಅವರ ಮೂರು ಮಕ್ಕಳ ಕವಲುಗಳಿಗೆ ಹಂಚಿಹೋಯಿತು: ಸಾಗರದ ಹತ್ತಿರದ ಹಳ್ಳಿಯಲ್ಲಿರುವ ಅತ್ತೆಗೆ ಹನ್ನೆರಡರಲ್ಲಿ ಒಂದು, ಚಿಕ್ಕಪ್ಪನಿಗೆ ಹನ್ನೆರಡರಲ್ಲಿ ಒಂದು, ಅಪ್ಪನ ಬದಲಿಗೆ ನನಗೂ ತಂಗಿಗೂ ಸೇರಿ ಇನ್ನೊಂದು. ಕೊನೆಯವರೆಗೂ ಆ ಮನೆಯ ನಡುಕೋಣೆಯಲ್ಲೇ ಮಲಗುತ್ತಿದ್ದ ಅಜ್ಜಿಗೆ ತಾನು ಮನೆಯ ಒಡತಿಯೂ ಹೌದೆಂದು ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.

ಅದೇ ವಾರ ಇನ್ನೊಂದು ತೊಡಕು ಎದ್ದಿತು. ಆಸ್ತಿಯ ಮೇಲಿನ ಸಾಲ, ವಹಿವಾಟುಗಳನ್ನು ತೋರಿಸುವ ಋಣಭಾರ ಪತ್ರ 2004ರ ಏಪ್ರಿಲ್‌ನಿಂದ ಈಚಿನದಾದರೆ ಕಂಪ್ಯೂಟರಿನಲ್ಲಿ ಸಿಗುತ್ತದೆ, ಅದಕ್ಕೂ ಹಿಂದಿನದಕ್ಕೆ ಕಚೇರಿಯ ದಪ್ಪ ಪುಸ್ತಕಗಳನ್ನೇ ತೆಗೆಸಬೇಕು. ಹಾಗೆ ತೆಗೆಸಿದಾಗ 1996ರಲ್ಲಿ ಅಪ್ಪ ಮನೆ ಕಟ್ಟಲು ಮಾಡಿಕೊಟ್ಟ ಅಡಮಾನ ಪತ್ರ ಹೊರಬಂತು. ಸಾಲ 2007ರಲ್ಲೇ ತೀರಿ ಮೂಲ ಕ್ರಯಪತ್ರ ಮನೆ ಸೇರಿತ್ತು, ಅಡಮಾನ ಬಿಡುಗಡೆ ಪತ್ರವನ್ನು ಮಾತ್ರ ಯಾರೂ ನೋಂದಾಯಿಸಿರಲಿಲ್ಲ. ಸಾಲ ತೀರಿದ ಮೂವತ್ತು ದಿನದೊಳಗೆ ದಾಖಲೆ ಮರಳಿಸಿ ಋಣಭಾರ ತೆಗೆಸದಿದ್ದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಮಾಡಿದ ನಿಯಮ 2023ರ ಡಿಸೆಂಬರ್‌ನಿಂದ ಜಾರಿಗೆ ಬಂದದ್ದು. ನಮ್ಮಂಥ ಹಳೆಯ ಸಾಲಗಾರರಿಗೆ ಅದು ಓದಿ ನಿಟ್ಟುಸಿರು ಬಿಡಲಿಕ್ಕಷ್ಟೆ. ಶಾಖೆಗೆ ಐದು ಸಲ ಅಲೆದು ಬಿಡುಗಡೆ ಪತ್ರ ಮಾಡಿಸಿದೆ.

ಜುಲೈ ಮುಗಿಯುವ ಹೊತ್ತಿಗೆ ನನ್ನ ಧೈರ್ಯ ಕುಸಿದಿತ್ತು. ಆಗ ದಲ್ಲಾಳಿಯೊಬ್ಬ ಬೇರೊಂದು ದಾರಿ ತೋರಿಸಿದ. ಅಮ್ಮ, ನಾನು, ತಂಗಿ ಒಂದು ಜಿಪಿಎ (ನಮ್ಮ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರ ಪತ್ರ) ಮತ್ತು ಕರಾರು ಬರೆದುಕೊಟ್ಟರೆ ಸಾಕು, ಅವನ ಪಾರ್ಟಿ ವಾರದೊಳಗೆ 55 ಲಕ್ಷ ಕೊಡುತ್ತಾರೆ, ಹೆಚ್ಚಿನ ಪಾಲು ನಗದಿನಲ್ಲಿ. ಜಿಪಿಎ ಮೂಲಕ ನಡೆಯುವ ಮಾರಾಟದಿಂದ ಒಡೆತನ ವರ್ಗವಾಗುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ. ಸ್ಥಿರಾಸ್ತಿಯ ಬಾಬ್ತು 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದವನಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಇವೆರಡೂ ತಿಳಿದಿದ್ದ ನಾನು ಒಂದು ರಾತ್ರಿ ಪೂರ್ತಿ ಆ 55 ಲಕ್ಷವನ್ನೇ ಎಣಿಸುತ್ತಾ ಮಲಗಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ಬೆಳಿಗ್ಗೆ ತಂಗಿ ಫೋನಿನಲ್ಲಿ ಗದರಿದ್ದರಿಂದ ಬಚಾವಾದೆ.

ಉಳಿದ ದಾರಿ ಒಂದೇ, ಅತ್ತೆಯೂ ಚಿಕ್ಕಪ್ಪನೂ ತಮ್ಮ ಪಾಲು ಬಿಟ್ಟುಕೊಡಬೇಕು. ಕೇಳಿದಾಗ ಚಿಕ್ಕಪ್ಪ ಮೂರು ವಾರ ಯೋಚಿಸಿದರು. ಕಾನೂನು ತನ್ನದೆಂದು ಹೇಳುವುದನ್ನು ಸುಮ್ಮನೆ ಏಕೆ ಬಿಡಬೇಕೆಂಬುದು ಅವರ ಪ್ರಶ್ನೆ. ಆಗ ಸಿಟ್ಟು ಬಂದಿತ್ತು, ಈಗ ಅದರಲ್ಲಿ ತಪ್ಪು ಕಾಣುವುದಿಲ್ಲ. ಮಾತುಕತೆಯಾಗಿ ಒಪ್ಪಿದ ಮೊತ್ತವನ್ನು ಚೆಕ್ಕಿನಲ್ಲಿ ಕೊಟ್ಟೆವು. ಅತ್ತೆ ಏನೂ ಕೇಳಲಿಲ್ಲ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲು ಎಂಬತ್ತೊಂದರ ಪ್ರಾಯದಲ್ಲಿ ಸುಮಾರು ಎಪ್ಪತ್ತು ಕಿಲೋಮೀಟರ್ ಕಾರಿನಲ್ಲಿ ಕುಳಿತು ಬಂದರು. ಉಪನೋಂದಣಾಧಿಕಾರಿ ಕಚೇರಿಯ ಆ ಪುಟ್ಟ ಗಾಜಿನ ಯಂತ್ರದ ಮೇಲೆ ಅವರ ಹೆಬ್ಬೆಟ್ಟು ಮೂಡಲೇ ಇಲ್ಲ. ಸಿಬ್ಬಂದಿ ಗಾಜು ಒರೆಸಿದರು, ಅತ್ತೆ ಸೆರಗಿನಿಂದ ಬೆರಳು ಒರೆಸಿಕೊಂಡರು, ನಾನು ಒದ್ದೆ ಬಟ್ಟೆ ತಂದೆ. “ಅಡಿಕೆ ಸುಲ್ದು ಸುಲ್ದು ಗೆರೆ ಎಲ್ಲ ಹೋಯ್ದು ಮಾರಾಯ” ಎಂದು ಅತ್ತೆ ನಕ್ಕರು. ಐದನೆಯ ಸಲ ಬೆರಳನ್ನು ಸ್ವಲ್ಪ ಓರೆಯಾಗಿಟ್ಟು ಒತ್ತಿದಾಗ ಪರದೆಯ ಮೇಲೆ ಮಸುಕಾದ ಗುರುತು ಬಂತು.

ಅಲ್ಲಿಂದ ಮುಂದೆ ಖಾತೆ, ಆಕ್ಷೇಪಣೆಗೆ ಕಾಯುವ ದಿನಗಳು, ಇ-ಖಾತೆ. ನಡುವೆ ಅಮ್ಮನ ಪ್ಯಾನ್ ಆಧಾರಿಗೆ ಜೋಡಣೆಯಾಗದೆ ನಿಷ್ಕ್ರಿಯವಾಗಿರುವುದು ಗೊತ್ತಾಯಿತು. ಹಾಗೇ ಬಿಟ್ಟಿದ್ದರೆ ಅವಳ ಪಾಲಿನ ಹಣದಲ್ಲಿ ಗಿರಾಕಿ ಶೇಕಡಾ 1ರ ಬದಲು 20ರಷ್ಟು ತೆರಿಗೆ ಮುರಿಯಬೇಕಾಗುತ್ತಿತ್ತು. ಸಾವಿರ ರೂಪಾಯಿ ಕಟ್ಟಿ ಅದನ್ನೂ ಸರಿಪಡಿಸಿದೆವು. ಕ್ರಯಪತ್ರ ನೋಂದಣಿಯಾದದ್ದು ಸೆಪ್ಟೆಂಬರ್ ಕೊನೆಯ ವಾರದಲ್ಲಿ. ಅಷ್ಟರಲ್ಲಿ, ಆಗಸ್ಟ್ 31ರಿಂದ, ರಾಜ್ಯದಲ್ಲಿ ನೋಂದಣಿ ಶುಲ್ಕ ಶೇಕಡಾ 1ರಿಂದ 2ಕ್ಕೆ ಏರಿತ್ತು. ಹೆಚ್ಚಾದ 68 ಸಾವಿರವನ್ನು ನೀವೇ ಭರಿಸಬೇಕೆಂದು ಗಿರಾಕಿ ಹೇಳಿದರು. ತಡ ನಮ್ಮದೇ ಆಗಿತ್ತು, ಮರುಮಾತಿಲ್ಲದೆ ಕೊಟ್ಟೆ.

ಬೆಂಗಳೂರಿನ ಮನೆಯವರು ಬಡ್ಡಿ ಸೇರಿಸಿ ಒಂದೂವರೆ ತಿಂಗಳ ಗಡುವು ಕೊಟ್ಟಿದ್ದರಿಂದ ಮುಂಗಡ ಉಳಿಯಿತು. ಅಕ್ಟೋಬರ್‌ನಲ್ಲಿ ಬಾಕಿ ಹಣದ ಮಾತಿಗೆ ಅವರ ಮನೆಗೆ ಹೋದಾಗ, ಅಣ್ಣ ತಮ್ಮಂದಿರಿಬ್ಬರೂ ತಮ್ಮ ತಂದೆಯ ಮರಣ ಪ್ರಮಾಣಪತ್ರವನ್ನು ನನ್ನ ಮುಂದಿಟ್ಟು ಕಾಫಿಗೆ ಹೇಳಿದರು. ಲೋಟ ಮುಟ್ಟುವ ಮೊದಲು ದಿನಾಂಕ ನೋಡಿ, “ನಿಮ್ಮ ಅಜ್ಜಿ, ತಂದೆಯ ತಾಯಿ, ಯಾವಾಗ ತೀರಿಕೊಂಡರು?” ಎಂದು ಕೇಳಿದೆ.